ಗೆದ್ದವರ ಕಾರಿಗೆ ಕಬ್ಬಿಣ

ನಿಯಮದಂತೆ ನಡೆಯುವವನ ಸುತ್ತಮುತ್ತಲೇ ಇಂಥವೆಲ್ಲ ಯಾಕೆ ನಡೆಯುತ್ತವೋ, ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಮುಗಿಯಿತೆಂದು ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಹುಮನಾಬಾದಿನ ಕಾರ್ ರೇಸ್ ತಂಡವೊಂದರ ಮ್ಯಾನೇಜರು. ಹೀಗೆಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ಹುಮನಾಬಾದಿನಾಗ?" ಎಂದು ಕೇಳುತ್ತಾರೆ. ಹೌದು, ಹುಮನಾಬಾದಿನಲ್ಲೇ. ಕಾರು ತಯಾರಿಸುವ ದೊಡ್ಡ ಕಂಪನಿಯ ಸಾಹೇಬರೊಬ್ಬರು ಹೈದರಾಬಾದಿನಿಂದ ಸೋಲಾಪುರಕ್ಕೆ ಹೊರಟಿದ್ದಾಗ ನಮ್ಮ ಹೆದ್ದಾರಿಯಲ್ಲಿ ಅವರ ಕಾರು ಪಲ್ಟಿ ಹೊಡೆಯಿತು. ಸಾಹೇಬರಿಗೆ ಏನೂ ಆಗಲಿಲ್ಲ. ಕಾರಿಗೆ ಆಗಬೇಕಾದದ್ದೆಲ್ಲ ಆಗಿತ್ತು. ಪಕ್ಕದ ಬಸವಕಲ್ಯಾಣದಲ್ಲಿ ಲಾರಿ ಬಾಡಿ ಕಟ್ಟುವ ಉಸ್ತಾದ್ ಒಬ್ಬ ಅದನ್ನು ಎಳೆದುಕೊಂಡು ಹೋಗಿ, ಬಡಿದು, ಸಂಜೆಯೊಳಗೆ ಓಡುವಂತೆ ಮಾಡಿ ಕೊಟ್ಟ. ಆ ಕಂಪನಿ ಆಗ ತನ್ನ ಕಾರುಗಳನ್ನು ರೇಸಿಗೆ ಇಳಿಸುವ ತಯಾರಿಯಲ್ಲಿತ್ತು. ನೀವು ನಾವು ಕೊಳ್ಳುವಂಥದೇ ಕಾರುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತ ಓಡುವ ಪಂದ್ಯ ಅದು. ಗುದ್ದಿಸಿಕೊಂಡ ಕಾರನ್ನು ಮರುದಿನಕ್ಕೆ ನೆಟ್ಟಗೆ ಮಾಡಲು ಇವನೇ ಸರಿ ಎಂದು ಸಾಹೇಬರು ನಿಶ್ಚಯಿಸಿಬಿಟ್ಟರು.

ಕಾರು, ಎಂಜಿನು, ಟೈರು ಕಂಪನಿಯವು, ಕೈಗಳು ನಮ್ಮವು. ಷರತ್ತು ಒಂದೇ. ನಿಯಮ ಮುರಿದು ಎರಡು ಸಲ ಫಲಿತಾಂಶ ರದ್ದಾದರೆ ಕಂಪನಿ ಕೈ ಬಿಡುತ್ತದೆ. ಆದ್ದರಿಂದ ನಿಯಮದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ, ಅರ್ಥ ಮಾಡಿಕೊಂಡು, ಹೆದರುವಂಥ ಮನುಷ್ಯ ಬೇಕಾಗಿದ್ದ. ಕಾನ್ವೆಂಟಿನಲ್ಲಿ ಕಲಿತು, ಕಾರ್ ಶೋರೂಮಿನ ಸರ್ವಿಸ್ ವಿಭಾಗ ನೋಡಿಕೊಳ್ಳುತ್ತಿದ್ದ ನನ್ನನ್ನು ಹುಡುಕಿಕೊಂಡು ಬಂದರು. ಉಸ್ತಾದ್ ಲಾರಿ ಕೆಲಸ ಬಿಟ್ಟ, ನಾನು ಶೋರೂಮು ಬಿಟ್ಟೆ. ಅಂದಿನಿಂದ ನನ್ನ ಬಿ.ಪಿ. ಗುಳಿಗೆಗಳು ತಂಡದ ಪಾನಾ, ಜಾಕುಗಳ ಜೊತೆಯಲ್ಲೇ ಊರೂರು ತಿರುಗುತ್ತಿವೆ.

ಧೈರ್ಯಾ ತಗೋರಿ

ಮೊದಲ ಕಾರು ಬಂದಾಗ ಅದರ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ರೇಸಿಗೆ ಕಾರು ಹಗುರವಿರಬೇಕು. ಡ್ರೈವರನ ಸೀಟಿನ ಜಾಗ ಬಿಟ್ಟು ಒಳಗಿನದೆಲ್ಲ ಬಿಚ್ಚಬೇಕು: ಹಿಂದಿನ ಸೀಟು, ಎ.ಸಿ., ನೆಲಹಾಸು, ಬಾಗಿಲಿನ ಒಳಮೈ, ಎಲ್ಲ. ಬಸವಕಲ್ಯಾಣದ ಶೆಡ್ಡಿನಲ್ಲಿ ಉಸ್ತಾದ್ ಒಂದೊಂದೇ ಬಿಚ್ಚಿ ಹೊರಗೆ ರಸ್ತೆ ಪಕ್ಕ ಸಾಲಾಗಿ ಇಡುತ್ತಿದ್ದ.

ಬಸವಕಲ್ಯಾಣದಲ್ಲಿ ಹೊಸ ಕಾರನ್ನು ಹೀಗೆ ಬಿಚ್ಚಿ ಹರವಿದರೆ ಅದಕ್ಕೆ ಒಂದೇ ಅರ್ಥ. ಎದುರಿನ ಪಾನ್ ಅಂಗಡಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ.

"ಒಳಗ ಎಷ್ಟು ಮಂದಿ ಇದ್ರು ಸಾಹೇಬ್ರ?"

"ಯಾರೂ ಇರಲಿಲ್ಲ. ಇದು ಹೊಸ ಕಾರು" ಎಂದೆ.

"ಹೊಸಾದಂತ ಕಾಣಸ್ತದ್ರಿ. ಅದಕ್ಕೇ ಜಾಸ್ತಿ ಕೆಟ್ಟ ಅನಸ್ತದ."

"ಅಪಘಾತ ಆಗಿಲ್ಲ. ನಾವಾಗಿಯೇ ಬಿಚ್ಚುತ್ತಿದ್ದೇವೆ."

ಅವನು ಕಾರನ್ನು ನೋಡಿದ, ನನ್ನನ್ನು ನೋಡಿದ, ನನ್ನ ತಲೆಗೆ ಪೆಟ್ಟು ಬಿದ್ದಿದೆ ಎಂದುಕೊಂಡ. ನನ್ನ ತೋಳು ಹಿಡಿದು ನೆರಳಿಗೆ ಕೂರಿಸಿ ಚಹಾ ತರಿಸಿದ. ಮಧ್ಯಾಹ್ನದ ಹೊತ್ತಿಗೆ ಓಣಿಯ ಹಿರಿಯರೆಲ್ಲ ಸೇರಿದ್ದರು. ಬಿಚ್ಚಿಟ್ಟ ಸೀಟು ಕೊಳ್ಳಲು ಬಂದ ಗುಜರಿ ವ್ಯಾಪಾರಿಗಳು ಕೂಡ ಮರ್ಯಾದೆಗೆಂದು ದರ ಕೇಳದೆ ಸುಮ್ಮನೆ ನಿಂತಿದ್ದರು.

ಅಷ್ಟರಲ್ಲಿ ಕಂಪನಿ ಸಾಹೇಬರು ಕೆಲಸ ನೋಡಲು ಬಂದರು. ಅವರು ಇಳಿಯುತ್ತಿದ್ದಂತೆ ಒಬ್ಬ ಮುದುಕರು ಅವರ ಎರಡೂ ಕೈ ಹಿಡಿದು, "ಆಗೂದೆಲ್ಲಾ ಆಗಿ ಹೋಯ್ತು, ಧೈರ್ಯಾ ತಗೋರಿ" ಎಂದರು. ಸಾಹೇಬರು ನನ್ನತ್ತ ನೋಡಿದರು. ಏನೂ ಆಗಿಲ್ಲ, ಎಲ್ಲ ಯೋಜನೆಯಂತೆ ನಡೆದಿದೆ ಎಂದು ನಾನು ವಿವರಿಸಿದೆ. ಅವರು ಆ ಮುಖಗಳನ್ನೆಲ್ಲ ಇನ್ನೊಮ್ಮೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ನಿಜ ಹೇಳಿ. ಯಾರು ಹೋದರು?"

ಅವಸರದಾಗಿದ್ದ ಮನಷ್ಯಾ

ನಮ್ಮ ಡ್ರೈವರು ಕೊಹಿನೂರ ಎಂಬ ಹಳ್ಳಿಯವ. ಆಡು ಕುರಿ ಸಾಕುವ ಮನೆತನ. ಸಂತೆಗೆ ಆಡು ತುಂಬಿದ ಪಿಕಪ್ ಓಡಿಸುತ್ತಿದ್ದ. ಎಷ್ಟು ಜೋರಾಗಿ ತಿರುವು ಹೊಡೆದರೂ ಹಿಂದೆ ನಿಂತ ಆಡು ಒಂದೂ ಮುಗ್ಗರಿಸುತ್ತಿರಲಿಲ್ಲ. ಅದನ್ನು ಕಣ್ಣಾರೆ ನೋಡಿಯೇ ಅವನನ್ನು ಆರಿಸಿದ್ದೆ. ಅವನೂ ಪಿಕಪ್ ಮಾರಿ ನಮ್ಮ ಜೊತೆ ಬಂದ.

ಮೊದಲ ರೇಸು ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ. ಶುರುವಿನಲ್ಲೇ ನಮ್ಮವನು ನಾಲ್ಕನೆಯ ಸ್ಥಾನ ಹಿಡಿದ. ಕಂಪನಿ ಸಾಹೇಬರು ನನ್ನ ಬೆನ್ನು ತಟ್ಟಿದರು. ಯಾರಾದರೂ ಬೆನ್ನು ತಟ್ಟಿದರೆ ನನಗೆ ಎದೆ ಢವಗುಟ್ಟುತ್ತದೆ. ಅದಾದ ಮೇಲೆ ಒಳ್ಳೆಯದು ನಡೆದದ್ದನ್ನು ನಾನು ನೋಡಿಲ್ಲ.

ನೆಟ್ಟನೆಯ ದಾರಿಯಲ್ಲಿ ನಮ್ಮ ಕಾರಿನ ಎಡಗಡೆಯ ಇಂಡಿಕೇಟರು ಹತ್ತಿಕೊಂಡಿತು. ಕಾರು ಎಡಕ್ಕೆ ಸರಿಯಿತು. ಹಿಂದಿನ ಕಾರು ಸುಯ್ಯೆಂದು ಮುಂದೆ ಹೋಯಿತು. ಮುಂದಿನ ಸುತ್ತಿನಲ್ಲಿ ಮತ್ತೆ ಇಂಡಿಕೇಟರು, ಮತ್ತೊಂದು ಕಾರು ಮುಂದೆ. ನಾನು ರೇಡಿಯೋದಲ್ಲಿ ಕೂಗಿದೆ:

"ಏನು ಮಾಡಾಕತ್ತೀಯೋ?"

"ಸೈಡ್ ಕೊಡಾಕತ್ತೇನ್ರಿ ಸರ್."

"ಯಾಕ?"

"ಹಿಂದಿನಂವ ಲೈಟ್ ಡಿಪ್ಪರ್ ಹೊಡದಾನ್ರಿ. ಪಾಪ, ಏನೋ ಅವಸರದಾಗಿದ್ದ ಮನಷ್ಯಾ."

ಆ ದಿನ ನಮಗಿಂತ ಅವಸರದಲ್ಲಿದ್ದ ಹನ್ನೆರಡು ಮಂದಿಗೆ ದಾರಿ ಬಿಟ್ಟೆವು. ರೇಸು ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡು ಖಡಾಖಂಡಿತವಾಗಿ ಹೇಳಿದೆ. ಹಿಂದಿನವನು ಡಿಪ್ಪರ್ ಹೊಡೆಯಲಿ, ಹಾರ್ನ್ ಹೊಡೆಯಲಿ, ಅತ್ತು ಕರೆಯಲಿ, ಇನ್ನು ಮೇಲೆ ಯಾರಿಗೂ ಸೈಡು ಕೊಡಕೂಡದು. "ತಿಳೀತೋ?" "ತಿಳೀತ್ರಿ ಸರ್."

ವಾಪಸ್ ಬರುವಾಗ ರೇಸ್ ಕಾರು ಹೇರಿದ ಲಾರಿಯನ್ನು ಅವನೇ ಓಡಿಸುತ್ತಿದ್ದ. ಹೈದರಾಬಾದ್ ದಾಟಿದ ಮೇಲೆ ಹಿಂದೊಂದು ಕಾರು ಡಿಪ್ಪರ್ ಹೊಡೆಯತೊಡಗಿತಂತೆ. ಹಾರ್ನ್ ಹೊಡೆಯಿತು. ಎಡಕ್ಕೆ ಬಂತು, ಬಲಕ್ಕೆ ಬಂತು. ನಮ್ಮವನು ಜಗ್ಗಲಿಲ್ಲ. ಪಕ್ಕದಲ್ಲಿ ನಾನು ನಿದ್ದೆ ಹೋಗಿದ್ದೆ; ಹುಮನಾಬಾದಿನಲ್ಲಿ ಲಾರಿ ನಿಂತಾಗಲೇ ಎಚ್ಚರವಾದದ್ದು. ಹಿಂದಿನ ಕಾರಿನಿಂದ ಕಂಪನಿ ಸಾಹೇಬರು ಕೆಂಪಗಾಗಿ ಇಳಿದು ಬಂದರು.

ಡ್ರೈವರು ನನ್ನ ಕಿವಿಯಲ್ಲಿ ಹೇಳಿದ: "ಅತ್ತಿಲ್ರಿ ಸರ್. ಬಾಕಿ ಎಲ್ಲಾ ಮಾಡಿದ್ರು."

ಯಾರೂ ಮುಟ್ಟಲಿಲ್ಲ

ಎರಡನೆಯ ವರ್ಷ ನಾವು ಗೆಲ್ಲಬಹುದು ಎಂಬ ಸುದ್ದಿ ಹಬ್ಬಿ, ಹುಮನಾಬಾದ್, ಚಿಟಗುಪ್ಪ ಕಡೆಯ ಮಂದಿ ಒಂದು ಬಸ್ಸು ಮಾಡಿಕೊಂಡು ರೇಸಿಗೆ ಬಂದರು. ನನಗೆ ರೇಸಿಗಿಂತ ಬಸ್ಸಿನ ಚಿಂತೆಯೇ ಹೆಚ್ಚಾಯಿತು. ಯಾಕೆಂದರೆ ನಿಯಮವಿದೆ: ರೇಸು ಮುಗಿದ ಮೇಲೆ ಪರೀಕ್ಷೆ ಆಗುವವರೆಗೆ ಕಾರನ್ನು ತಂಡದವರು ಯಾರೂ ಮುಟ್ಟಬಾರದು. ಮುಟ್ಟಿದರೆ ಫಲಿತಾಂಶ ರದ್ದು.

ಬಸ್ಸು ಹತ್ತಿ, ಶಾಲೆಯಲ್ಲಿ ಮಗ್ಗಿ ಹೇಳಿಸಿದಂತೆ ಎಲ್ಲರಿಂದ ಹೇಳಿಸಿದೆ. "ಏನು ಮಾಡಬಾರದು?" "ಕಾರ್ ಮುಟ್ಟಬಾರದು!" "ಯಾರು?" "ಯಾರೂ!" ಉಸ್ತಾದ್ ಎಲ್ಲರಿಗಿಂತ ಜೋರಾಗಿ ಹೇಳಿದ. ನನಗೆ ಸ್ವಲ್ಪ ಸಮಾಧಾನವಾಯಿತು.

ಅವತ್ತು ಗೆದ್ದೆವು. ಕಾರು ಬಂದು ಹಗ್ಗ ಕಟ್ಟಿದ ಜಾಗದಲ್ಲಿ ನಿಂತಿತು. ನಾನು ಹಗ್ಗದ ಮುಂದೆ ಎರಡೂ ಕೈ ಚಾಚಿ ನಿಂತೆ. ನಮ್ಮ ಮಂದಿಯ ಬಗ್ಗೆ ಸುಳ್ಳು ಹೇಳಲಾರೆ: ಒಬ್ಬರೂ ಹಗ್ಗ ದಾಟಲಿಲ್ಲ, ಒಬ್ಬರೂ ಕಾರು ಮುಟ್ಟಲಿಲ್ಲ.

ಲಾರಿಗೆ ಹಾಕುವಂಥ ಚೆಂಡುಹೂವಿನ ಹಾರವನ್ನು ಉಸ್ತಾದ್ ಗಿರಗಿರ ತಿರುಗಿಸಿ ನನ್ನ ತಲೆಯ ಮೇಲಿಂದ ಒಗೆದ. ಹೋಗಿ ಬರಾಬರ್ ಬಾನೆಟ್ಟಿನ ಮೇಲೆ ಬಿತ್ತು. ಆಮೇಲೆ ಭಂಡಾರ ತೂರಿದರು. ಬಿಳಿ ಕಾರು ಅರಿಶಿನವಾಯಿತು. ಗೆದ್ದು ಬಂದ ಗಾಡಿಯ ಗಾಲಿ ಮುಂದೆ ಕಾಯಿ ಒಡೆಯದೆ ಇರಲು ಆಗುತ್ತದೆಯೇ? ಹತ್ತಿರ ಹೋಗುವಂತಿಲ್ಲವಲ್ಲ. ಚಿಟಗುಪ್ಪದ ಒಬ್ಬ, ಕ್ರಿಕೆಟ್ಟಿನಲ್ಲಿ ದೂರದಿಂದ ವಿಕೆಟ್ಟಿಗೆ ಹೊಡೆಯುವುದರಲ್ಲಿ ಹೆಸರುವಾಸಿಯಂತೆ, ಗುರಿ ಹಿಡಿದು ತೆಂಗಿನಕಾಯಿ ಎಸೆದ. ಗಾಲಿಯ ಮುಂದೆ ಬೀಳಬೇಕಾದದ್ದು ಹೆಡ್‌ಲೈಟಿಗೆ ಬಿತ್ತು. ಎರಡೂ ಒಡೆದವು.

ಫಲಿತಾಂಶ ರದ್ದು. ಕಂಪನಿ ಸಾಹೇಬರು ಒಂದೇ ಮಾತು ಹೇಳಿ ಕಾರು ಹತ್ತಿದರು: "ಇದು ಮೊದಲನೆಯದು. ಎರಡನೆಯದಕ್ಕೆ ನಾನು ಬರುವುದಿಲ್ಲ, ಕಾರು ಒಯ್ಯಲು ಲಾರಿ ಬರುತ್ತದೆ."

ನಾನು ಉಸ್ತಾದನ ಮೇಲೆ ಹರಿಹಾಯ್ದೆ. ಅವನಿಗೆ ನಿಜವಾಗಿಯೂ ನೋವಾಗಿತ್ತು.

"ಖುದಾ ಕಸಮ್, ನಾವು ಯಾರೂ ಮುಟ್ಟಿಲ್ಲ ಸಾಬ. ಕಾಯಿ ಮುಟ್ಯಾದ."

ಯಾರ ಹೊಲಾ ಮೇದಾನ?

ಮುಂದಿನ ರೇಸನ್ನು ಶುದ್ಧವಾಗಿ ಗೆದ್ದೆವು. ಬಸ್ಸು ಬರದಂತೆ ನೋಡಿಕೊಂಡಿದ್ದೆ. ಆದರೆ ಗೆದ್ದವರಿಗೆ ಈ ಪಂದ್ಯದಲ್ಲಿ ಒಂದು ಬಹುಮಾನವಿದೆ. ಗೆದ್ದ ಕಾರಿಗೆ ಮುಂದಿನ ರೇಸಿನಲ್ಲಿ ಕಬ್ಬಿಣದ ತಟ್ಟೆಗಳನ್ನು ಬೋಲ್ಟ್ ಮಾಡಿ ಭಾರ ಹೇರುತ್ತಾರೆ; ಎರಡನೆಯ, ಮೂರನೆಯ ಕಾರಿಗೂ ಒಂದಿಷ್ಟು. ಒಬ್ಬನೇ ಸದಾ ಗೆಲ್ಲಬಾರದು, ಪಂದ್ಯ ಸಮಸಮ ಇರಬೇಕು ಎಂದು.

ಉಸ್ತಾದ್ ತಟ್ಟೆ ಕೂರಿಸುತ್ತ ಕೇಳಿದ: "ಸೋತವ್ರಿಗಿ ಏನ್ ಹಾಕ್ತಾರ ಸಾಬ?"

"ಏನೂ ಇಲ್ಲ."

"ಹಂಗಾದ್ರ ಸೋಲೂದರಾಗೇ ಆರಾಮ ಅದ ಅಲ್ಲ?"

ಸುದ್ದಿ ಕೊಹಿನೂರಕ್ಕೆ ಹೋಯಿತು. ಮರುದಿನ ಮೊದಲ ಬಸ್ಸಿಗೆ ಡ್ರೈವರನ ತಾಯಿ ಇಳಿದಳು. ಆಡು ಕಾಯುವ ಬಡಿಗೆ ಕೈಯಲ್ಲೇ ಇತ್ತು. ಶೆಡ್ಡಿನೊಳಗೆ ಬಂದು ಕಾರಿನಲ್ಲಿ ಬಗ್ಗಿ ನೋಡಿ, ಬಡಿಗೆಯಿಂದ ಕಬ್ಬಿಣವನ್ನು ಕುಟ್ಟಿದಳು.

"ಇದು ಏನ್ರಿ ಸಾಹೇಬ್ರ?"

"ಭಾರ, ಅವ್ವಾ. ನಿಯಮ ಅದ."

"ನನ್ನ ಮಗಾ ಮುಂದ ಬಂದಾನಂತ ಅವನ ಗಾಡಿಗಿ ಕಬ್ಬಣಾ ಕಟ್ತೀರಿ?"

"ಎಲ್ಲರೂ ಸರಿಸಮ ಓಡಲಿ ಅಂತ."

"ನಾ ಹುಟ್ಟಿದಾಗಿಂದ ದನಾ, ಆಡು ಕಾಯಾಕತ್ತೇನಿ. ನಮ್ಮಲ್ಲಿನೂ ಕೊಳ್ಳಾಗ ಕಟಗಿ ಕಟ್ತೀವ್ರಿ, ಓಡಬಾರದಂತ. ಆದ್ರ ಯಾವ ದನಕ್ಕ? ಕಂಡವರ ಹೊಲಾ ಹೊಕ್ಕು ಮೇಯೂ ಕಳ್ಳ ದನಕ್ಕ. ಹೇಳ್ರಿ, ನನ್ನ ಮಗಾ ಯಾರ ಹೊಲಾ ಮೇದಾನ?"

ಉಸ್ತಾದ್ ಕಾರಿನ ಕೆಳಗೆ ಸರಿದುಕೊಂಡ. ನಾನು ನಿಯಮದ ಪುಸ್ತಕ ತೆರೆದು ಪುಟ ತಿರುವಿದೆ. ಹೊಲ ಮೇಯುವ ವಿಷಯದಲ್ಲಿ ಅದರಲ್ಲಿ ಏನೂ ಇರಲಿಲ್ಲ.

ಹರಕೆಯ ತೂಕ

ಆ ವರ್ಷದ ಕೊನೆಯ ರೇಸಿನ ಮುಂಚೆ ಕಂಪನಿ ಸಾಹೇಬರು ಕರೆದು ಹೇಳಿದರು: ಮೊದಲ ಮೂವರೊಳಗೆ ಬನ್ನಿ, ಫಲಿತಾಂಶ ಉಳಿಸಿಕೊಳ್ಳಿ, ಮುಂದಿನ ವರ್ಷವೂ ತಂಡ ಇರುತ್ತದೆ. ಇಲ್ಲವೆಂದರೆ ಇಲ್ಲ.

ನನ್ನ ಭಯವೆಲ್ಲ ತೂಕದ್ದು. ರೇಸು ಮುಗಿದ ಕೂಡಲೇ ಡ್ರೈವರನನ್ನು ಒಳಗೇ ಕೂರಿಸಿ ಕಾರನ್ನು ತೂಕದ ಕಾಟಾದ ಮೇಲೆ ನಿಲ್ಲಿಸುತ್ತಾರೆ. ಕಾರು, ಕಬ್ಬಿಣ, ಡ್ರೈವರು ಎಲ್ಲ ಸೇರಿ ನಿಗದಿಯಾದ ತೂಕಕ್ಕಿಂತ ಕೂದಲೆಳೆ ಕಡಿಮೆಯಾದರೂ ಫಲಿತಾಂಶ ರದ್ದು. ಹೆಚ್ಚಾದರೆ ಕಾರು ಓಡುವುದಿಲ್ಲ. ಗುರುವಾರ ಬೆಳಿಗ್ಗೆ ಟ್ರ್ಯಾಕಿಗೆ ಬಂದವನೇ ಡ್ರೈವರನನ್ನು ಕೂರಿಸಿಯೇ ತೂಗಿದೆ. ನಿಗದಿಯಾದ ಗೆರೆಗಿಂತ ಒಂದಿಷ್ಟೇ ಹೆಚ್ಚು, ಬರಾಬರ್. ಆ ಮೂರು ದಿನ ಬೇರೆ ಎಲ್ಲದಕ್ಕೂ ಹೆದರಿದೆ, ಅದೊಂದನ್ನು ಬಿಟ್ಟು.

ಈ ಸಲ ಅಡುಗೆ ಮಾಡಿ ಹಾಕಲು ಡ್ರೈವರನ ತಾಯಿಯೂ ಬಂದಿದ್ದಳು. ಭಾನುವಾರ ಕಾರು ಸಾಲಿನಲ್ಲಿ ಹೋಗಿ ನಿಂತಿತು. ಡ್ರೈವರನ ಮುಖ ಬಾಡಿದಂತೆ ಕಂಡಿತು. ಉಸ್ತಾದನನ್ನು ಕೇಳಿದೆ.

"ಉಪವಾಸ ಇದ್ದಾನಲ್ಲ ಸಾಬ" ಎಂದ, ಅದೇನೂ ದೊಡ್ಡದಲ್ಲ ಎಂಬಂತೆ. "ತಂಡ ಉಳೀಲಂತ ಹೊರಡೂ ಮುಂಚೆ ಅವ್ವಾ ಮಗಾ ಮಾಣಿಕನಗರದ ಗುಡಿಗಿ ಹೋಗಿ ಹರಕಿ ಹೊತ್ತಾರ. ರೇಸ್ ಮುಗಿಯೂತನ ಅನ್ನಾ ಮುಟ್ಟಾಂಗಿಲ್ಲ. ಬರೀ ಚಾ."

"ಯಾವಾಗಿನಿಂದ?"

"ಗುರುವಾರ ಮಧ್ಯಾಹ್ನದಿಂದ."

ನಾನು ತೂಗಿದ್ದು ಗುರುವಾರ ಬೆಳಿಗ್ಗೆ! ಕೆಂಪು ದೀಪಗಳು ಆರಿದವು, ರೇಸು ಶುರುವಾಯಿತು. ಎಲ್ಲರೂ ಕಾರಿನ ಸ್ಥಾನ ನೋಡುತ್ತಿದ್ದರೆ ನಾನು ಆ ಬಿಸಿಲು ನೋಡುತ್ತಿದ್ದೆ. ಕಾರಿನೊಳಗೆ ಕುಲುಮೆ ಇದ್ದಂತೆ ಇರುತ್ತದೆ; ಒಂದು ರೇಸಿಗೆ ಡ್ರೈವರು ಒಂದು ಬಿಂದಿಗೆ ಬೆವರುತ್ತಾನೆ. ನನಗೆ ತಡೆಯಲಾಗಲಿಲ್ಲ. ರೇಡಿಯೋ ಒತ್ತಿದೆ.

"ಬೆವರಬೇಡ!"

"ಏನ್ರಿ ಸರ್?"

"ಬೆವರಬೇಡ ಅಂದೆ!"

"ಮೂರನೇ ನಂಬರಿಗಿ ಬಂದೇನ್ರಿ ಸರ್. ಹಿಂದಿನಂವ ಡಿಪ್ಪರ್ ಹೊಡ್ಯಾಕತ್ಯಾನ."

"ಹೊಡೀಲಿ! ನೀ ಬೆವರಬೇಡ!"

ಕಂಪನಿ ಸಾಹೇಬರು ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದರು.

ಮೂರನೆಯವನಾಗಿಯೇ ಮುಗಿಸಿದ. ನಮ್ಮವರು ಕುಣಿದರು. ನಾನು ಕಾಟಾದ ಕಡೆಗೆ ಓಡಿದೆ. ಮುಂದೆ ಎರಡು ಕಾರು, ಆಮೇಲೆ ನಮ್ಮದು. ಹಗ್ಗದ ಈಚೆ ನಿಂತು ನೋಡುತ್ತೇನೆ, ಡ್ರೈವರು ಹೆಲ್ಮೆಟ್ ತೆಗೆದ. ಸೀಟಿನ ಹಿಂದೆ ಕೈ ಹಾಕಿ ಏನನ್ನೋ ಬಿಚ್ಚಿ ಮಡಿಲಿಗೆ ಎಳೆದುಕೊಂಡ. ದೊಡ್ಡದೊಂದು ಬಟ್ಟೆಯ ಗಂಟು.

"ಏನದು?" ನನ್ನ ಹಿಂದೆಯೇ ಓಡಿ ಬಂದಿದ್ದ ಉಸ್ತಾದನನ್ನು ಕೇಳಿದೆ.

"ಬುತ್ತಿ ಸಾಬ" ಎಂದ ಉಸ್ತಾದ್. "ಹರಕಿ ಮುಗದ ಕೂಡ್ಲೆ ಬಾಯಾಗ ತುತ್ತು ಬೀಳಬೇಕು, ಡೇರೆತನ ಬರೂತನಕ ತಡಾ ಆಗ್ತದ ಅಂತ ಅವ್ವ ಕೊಟ್ಟಿದ್ಳು. ರೇಸಿನ ಮುಂಚೆ ನಾನೇ ಕಟ್ಟೀನಿ. ಫಿಕರ್ ಮಾಡಬ್ಯಾಡ್ರಿ, ಲಾರಿ ತಾಡಪತ್ರಿ ಕಟ್ಟೂ ಗಂಟು ಹಾಕೀನಿ. ಕಾರ್ ಪಲ್ಟಿ ಆದ್ರೂ ರೊಟ್ಟಿ ಅಲ್ಲಾಡೂದಿಲ್ಲ."

ಅಲ್ಲಿ ಡ್ರೈವರು ಕಣ್ಣು ಮುಚ್ಚಿ ಕೈ ಮುಗಿದು ಊಟಕ್ಕೆ ಶುರು ಮಾಡಿದ. ಜೋಳದ ರೊಟ್ಟಿ, ಮೇಲೆ ಪುಂಡಿ ಪಲ್ಯ, ಶೇಂಗಾ ಹಿಂಡಿ. ಆಮೇಲೆ ಹೋಳಿಗೆ. ಒಂದು ಮುಗಿದರೆ ಇನ್ನೊಂದು. ಮೂರು ದಿನದ ಹಸಿವು ಅದು. ದೊಡ್ಡ ಬಾಟ್ಲಿ ಮಜ್ಜಿಗೆಯನ್ನು ಗಟಗಟ ಇಳಿಸಿದ. ನಮ್ಮ ಪಾಳಿ ಬಂದಾಗ ಪರೀಕ್ಷಕರು ಕಾರಿನೊಳಗಿದ್ದ ಖಾಲಿ ಬಟ್ಟೆ, ಖಾಲಿ ಬಾಟ್ಲಿ ತೆಗೆದು ಹೊರಗಿಟ್ಟರು. ಬೋಲ್ಟ್ ಹಾಕದ ಯಾವ ವಸ್ತುವೂ ತೂಕಕ್ಕೆ ಸೇರಬಾರದು ಎಂದು ನಿಯಮ. ಕಾರು ಕಾಟಾ ಏರಿತು. ಅಂಕಿ ಗೆರೆಯ ಕೆಳಗೆ ನಡುಗಿತು, ಗೆರೆಗೆ ಬಂತು, ದಾಟಿ ನಿಂತಿತು. ಒಂದು ಹೋಳಿಗೆಯಷ್ಟು ಜಾಸ್ತಿ.

ಪಾಸು. ಕಂಪನಿ ಸಾಹೇಬರು ನನ್ನ ಬೆನ್ನು ತಟ್ಟಿದರು. ನನ್ನ ಎದೆ ಮತ್ತೆ ಢವಗುಟ್ಟಿತು. ಇದು ಸರಿಯೇ? ಸೀಟಿನ ಹಿಂದೆ ಇದ್ದಿದ್ದರೆ ಲೆಕ್ಕಕ್ಕೆ ಬರದ ರೊಟ್ಟಿ, ಹೊಟ್ಟೆಯೊಳಗೆ ಹೋದ ಮಾತ್ರಕ್ಕೆ ಲೆಕ್ಕಕ್ಕೆ ಬಂದದ್ದು ಯಾವ ನ್ಯಾಯ? ಮುಖ್ಯ ಪರೀಕ್ಷಕರಿಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಸಾಹೇಬರು ನನ್ನ ಅಂಗಿ ಹಿಡಿದುಕೊಂಡರು. "ಈ ಒಂದು ಸಲ ಬಾಯಿ ಮುಚ್ಚಿಕೊಂಡಿರಿ ಮಹರಾಯರೆ!" ಅಂಗಿ ಬಿಡಿಸಿಕೊಂಡು ಹೋದೆ. ನಿಯಮ ಎಂದರೆ ನಿಯಮ.

ಮುಖ್ಯ ಪರೀಕ್ಷಕರು ನನಗಿಂತ ಬಿಗಿ ಮನುಷ್ಯ. ಎಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು. ನನ್ನ ಹಿಂದೆ ಸಾಹೇಬರು, ಉಸ್ತಾದ್, ಡ್ರೈವರು, ಅವನ ತಾಯಿ ಸಾಲಾಗಿ ನಿಂತಿದ್ದರು. ಯಾರೂ ಉಸಿರಾಡುತ್ತಿರಲಿಲ್ಲ; ಡ್ರೈವರು ಮಾತ್ರ ಒಮ್ಮೆ ತೇಗಿದ.

"ರೇಸು ಮುಗಿದ ಮೇಲೆ ಕಾರಿಗೆ ಹೊರಗಿನಿಂದ ಏನನ್ನೂ ಸೇರಿಸಬಾರದು. ಊಟ ಹೊರಗಿನಿಂದ ಬಂತೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ. ಮೊದಲಿನಿಂದಲೂ ಕಾರಿನಲ್ಲೇ ಇತ್ತು."

"ಪೂರಾ ರೇಸು ಓಡಿತೋ?"

"ಓಡಿತು."

ಅವರು ಪುಸ್ತಕ ಮುಚ್ಚಿದರು. "ಹಾಗಾದರೆ ಏನೂ ಸೇರಿಲ್ಲ. ಇದ್ದದ್ದೇ ಜಾಗ ಬದಲಿಸಿದೆ. ಫಲಿತಾಂಶ ಸರಿ. ಹೇಳದೆ ಕೇಳದೆ ಕಾರಿನಲ್ಲಿ ಬುತ್ತಿ ಕಟ್ಟಿದ್ದಕ್ಕೆ ಮ್ಯಾನೇಜರಿಗೆ ಎಚ್ಚರಿಕೆ."

ಹೀಗೆ ತಂಡ ಉಳಿಯಿತು. ನನ್ನ ಜೀವನದ ಮೊದಲ ಎಚ್ಚರಿಕೆಯೂ ನನಗೆ ಸಿಕ್ಕಿತು.

ಹೊರಗೆ ಬಂದ ಮೇಲೆ ಡ್ರೈವರನ ತಾಯಿ ಏನಾಯಿತೆಂದು ಕೇಳಿದಳು. ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ, ಮೂರನೆಯ ಸ್ಥಾನ ಬಂದಿದೆಯಲ್ಲ, ಮುಂದಿನ ವರ್ಷದ ಮೊದಲ ರೇಸಿಗೆ ಮತ್ತೆ ಸ್ವಲ್ಪ ಭಾರ ಏರಿಸುತ್ತಾರೆ ಎಂದೂ ಹೇಳಿದೆ. ಅವಳು ಖಾಲಿ ಬುತ್ತಿಯ ಬಟ್ಟೆಯನ್ನು ಝಾಡಿಸಿ ಮಡಚಿ ಹೆಗಲಿಗೆ ಹಾಕಿಕೊಂಡಳು.

"ಹೊಟ್ಟ್ಯಾಗಿಂದೂ ತೂಕಕ್ಕ ಹಿಡೀತಾರಂದ್ರ ಆ ಕಬ್ಬಣಾ ಯಾಕ ಬೇಕ್ರಿ ಸಾಹೇಬ್ರ? ಎಷ್ಟು ತೂಕ ಆಗಬೇಕು ಅಷ್ಟು ನನಗ ಹೇಳಿಬಿಡ್ರಿ. ತಿನಿಸಿ ಕಳಸ್ತೇನಿ."

ಗೇಲಿಗೆ ಹೇಳಿದಳು ಎಂದುಕೊಂಡು ನಾನೂ ನಕ್ಕು, ಅಂಕಿ ಹೇಳಿಬಿಟ್ಟೆ. ರೇಸಿಲ್ಲದ ತಿಂಗಳುಗಳನ್ನು ಮನೆಯಲ್ಲಿ ಕಳೆದು ಮೊನ್ನೆ ಡ್ರೈವರು ಕೊಹಿನೂರದಿಂದ ಬಂದ. ಕಾಟಾದ ಮೇಲೆ ನಿಲ್ಲಿಸಿದೆ. ಹೆಂಗಸು ಮಾತಿಗೆ ತಪ್ಪಿಲ್ಲ, ಹೇಳಿದಷ್ಟು ತೂಕ ಬರಾಬರ್ ಏರಿದೆ. ಈಗ ನನ್ನ ಚಿಂತೆ ಬೇರೆ. ಮುಂದಿನ ವಾರ ರೇಸು. ಕಂಪನಿ ಕೊಟ್ಟ ಸೀಟಿನಲ್ಲಿ ಅವನು ಹಿಡಿಸುತ್ತಿಲ್ಲ.